ಕೌದಿಯ ಎರಡು ಅರ್ಧ

ಮಾಸುಮಾಬಿ ಹೊಲಿದ ಕೌದಿಯನ್ನು ಕೈಗೆ ಕೊಟ್ಟು, ‘ಇದರ ಜೋಡಣೆ ಎಲ್ಲಿದೆ ತೋರಿಸಿ ನೋಡೋಣ’ ಎಂದು ನಾನು ಎಷ್ಟೋ ಜನರನ್ನು ಕೆಣಕಿದ್ದೇನೆ. ಬೆಳಕಿಗೆ ಹಿಡಿಯುತ್ತಾರೆ, ತಿರುಗಿಸಿ ನೋಡುತ್ತಾರೆ, ಅಂಗೈ ಆಡಿಸುತ್ತಾರೆ. ಕೊನೆಗೆ ಸೋತು, ಇದು ಒಂದೇ ತುಂಡು ಅಲ್ಲವೇನು ಎಂದು ನನ್ನನ್ನೇ ಜಬರಿಸುತ್ತಾರೆ. ಒಂದೇ ತುಂಡಲ್ಲ. ಅವಳ ಯಾವ ಕೌದಿಯೂ ಒಂದೇ ತುಂಡಾಗಿರಲಿಲ್ಲ. ಎಲ್ಲವೂ ಎರಡು ಅರ್ಧ, ನಡುವೆ ಕೂಡಿಸಿದ್ದು.

ನಾನು ಗಂಗೋತ್ರಿ. ಬಳ್ಳಾರಿಯ ಪಾರ್ವತಿನಗರದಲ್ಲಿ ನನ್ನದೊಂದು ಟೈಲರಿಂಗ್ ಅಂಗಡಿ ಇದೆ. ಬ್ಲೌಸು, ಫಾಲ್ಸು, ಮಕ್ಕಳ ಯೂನಿಫಾರ್ಮು ಹೊಲಿಯುತ್ತೇನೆ. ನನಗೆ ಸಿಟ್ಟು ಮೂಗಿನ ತುದಿಯಲ್ಲೇ ಇರುತ್ತದೆ ಎಂದು ಗಿರಾಕಿಗಳು ಆಡಿಕೊಳ್ಳುತ್ತಾರೆ. ಆಡಿಕೊಂಡು ಮತ್ತೆ ನನ್ನ ಹತ್ತಿರವೇ ಬರುತ್ತಾರೆ, ಆ ಮಾತು ಬೇರೆ. ಮಾಸುಮಾಬಿ ನನ್ನ ಅಂಗಡಿಯ ಹಿಂದಿನ ಸಂದಿಯಲ್ಲಿ ಬಾಡಿಗೆಗೆ ಇರುವವಳು. ಮನೆಯೊಳಗೆ ಬೆಳಕು ಸಾಲದೆಂದು ಹಗಲೆಲ್ಲ ನನ್ನ ಅಂಗಡಿಯ ಕಟ್ಟೆಯ ಮೇಲೆ ಕೂತು ಹೊಲಿಯುತ್ತಾಳೆ. ವಯಸ್ಸಿನಲ್ಲಿ ನನಗಿಂತ ದೊಡ್ಡವಳಾದ್ದರಿಂದ ಅಕ್ಕ ಅನ್ನುತ್ತೇನೆ. ಬೈಯುವಾಗಲೂ ಅಕ್ಕ ಎಂದು ಕರೆದೇ ಬೈಯುತ್ತೇನೆ.

ಅವಳು ಕುರುಗೋಡಿಗೆ ಸೊಸೆಯಾಗಿ ಬಂದವಳು. ಪಿಂಜಾರರ ಮನೆತನ. ಗಂಡ ಸೈಫುದ್ದೀನ್ ಹತ್ತಿ ಹಿಂಜಿ ಗಾದಿ ಕಟ್ಟುತ್ತಿದ್ದ. ಊರವರೆಲ್ಲ ಸ್ಪಂಜಿನ ಗಾದಿಗೆ ಬಿದ್ದ ಮೇಲೆ ಅವನ ಕೆಲಸ ಕೂತುಹೋಯಿತು, ಇವಳು ಕೌದಿ ಹೊಲಿಯಲು ಶುರುಮಾಡಿದಳು. ಆದರೆ ಇದ್ದದ್ದು ಒಂದೇ ಕೋಣೆ. ಅದರಲ್ಲೇ ಒಲೆ, ಅದರಲ್ಲೇ ಟ್ರಂಕು, ಅದರಲ್ಲೇ ಗಂಡನ ಹತ್ತಿಯ ಮೂಟೆ. ಇಡೀ ಕೌದಿ ಹಾಸಲು ನೆಲವೇ ಇಲ್ಲ. ಬೇರೆ ಹೆಂಗಸರು ಗುಡಿಯ ಕಟ್ಟೆಯ ಮೇಲೋ ಪಡಸಾಲೆಯಲ್ಲೋ ಹಾಸಿಕೊಂಡು ಸುತ್ತ ಕೂತು ಹೊಲಿಯುತ್ತಿದ್ದರು. ಇವಳು ಯಾರ ಪಡಸಾಲೆಯನ್ನೂ ಕೇಳಲಿಲ್ಲ. ಅರ್ಧ ಹೊಲಿದು ಸುತ್ತಿಟ್ಟಳು, ಇನ್ನರ್ಧ ಹೊಲಿದಳು, ಆಮೇಲೆ ಎರಡನ್ನೂ ಕೂಡಿಸಿದಳು. ನೆಲ ಸಾಲದ್ದಕ್ಕೆ ಕಲಿತ ಉಪಾಯ ಅದು, ಅದೇ ಅವಳಿಗೆ ಹೆಸರು ತಂದಿತು.

ಕೂಡಿಸುವುದೆಂದರೆ ಎರಡು ಅಂಚು ಹಿಡಿದು ಸೂಜಿಯಿಂದ ನಾಲ್ಕು ಟಾಕಿ ಹಾಕುವುದಲ್ಲ. ಎರಡೂ ಅರ್ಧಗಳ ಅಂಚಿನಲ್ಲಿ ನಾಲ್ಕು ಬೆರಳಿನಷ್ಟು ಜಾಗ ಹೊಲಿಯದೆ ಬಿಟ್ಟಿರಬೇಕು. ಅಲ್ಲಿ ಹಳೆ ಸೀರೆಯ ಪದರಗಳು ಬಾಯಿ ಬಿಟ್ಟುಕೊಂಡಿರುತ್ತವೆ. ಮೊದಲು ಅಡಿಯ ಸೀರೆಗೆ ಅಡಿಯ ಸೀರೆ ಸೇರಿಸಬೇಕು. ಒಳಗಿನ ತುಂಡುಗಳನ್ನು ಒಂದರ ಮೇಲೊಂದು ಏರದಂತೆ ಕತ್ತರಿಸಿ ಅಂಚಿಗೆ ಅಂಚು ತಾಗಿಸಬೇಕು. ಏರಿದರೆ ನಡುವೆ ಬದು ಎದ್ದು ಮಲಗಿದವರ ಬೆನ್ನಿಗೆ ಒತ್ತುತ್ತದೆ. ಆಮೇಲೆ ಮೇಲಿನ ಬಟ್ಟೆ ಮಡಿಸಿ, ಸೂಜಿಯನ್ನು ಒಳಗೊಳಗೇ ಓಡಿಸಿ ಮುಚ್ಚಬೇಕು. ಕಡೆಯದಾಗಿ ಈ ಅರ್ಧದ ಹೊಲಿಗೆಯ ಸಾಲು ಆ ಅರ್ಧದ ಸಾಲಿಗೆ ನೆಟ್ಟಗೆ ಹೋಗಿ ಸೇರಬೇಕು. ಇಷ್ಟೆಲ್ಲ ಮಾಡಿದ ಮೇಲೆ ಮಾಸುಮಾಬಿ ಕಣ್ಣು ಮುಚ್ಚಿ ಅಂಗೈ ಆಡಿಸುತ್ತಿದ್ದಳು. ಕೈಗೆ ಏನಾದರೂ ತಾಕಿತೋ, ಪೂರ್ತಿ ಬಿಚ್ಚುತ್ತಿದ್ದಳು. ಇಷ್ಟು ಹಟ ಯಾತಕ್ಕೆ ಎಂದು ನಾನು ರೇಗಿದರೆ, ‘ಮಲಗೋರಿಗೆ ಕೌದಿ ಗೊತ್ತಾಗಬೇಕು ಗಂಗಾ, ಹೊಲಿದೋರು ಗೊತ್ತಾಗಬಾರದು’ ಅನ್ನುತ್ತಿದ್ದಳು.

ಸೈಫುದ್ದೀನ್ ತೀರಿಕೊಂಡ ಮೇಲೆ ಮಗಳು ಕೌಸರ್‌ಳನ್ನು ಕರೆದುಕೊಂಡು ಬಳ್ಳಾರಿಗೆ ಬಂದಳು. ಆಗಿನಿಂದ ನನಗೆ ಗುರುತು. ಕೌಸರ್ ಓದಿನಲ್ಲಿ ಅಷ್ಟಕ್ಕಷ್ಟೇ. ಬಾಯಿ ಮಾತ್ರ ಜೋರು. ಅಂಗಡಿಗೆ ಬಂದವರನ್ನೆಲ್ಲ ಮಾತಾಡಿಸಿ ನಗಿಸುತ್ತಿದ್ದಳು. ನನ್ನನ್ನು ನಗಿಸಿದವಳು ಅವಳೊಬ್ಬಳೇ ಅಂತ ಈಗ ಅನಿಸುತ್ತದೆ. ಅವ್ವನ ಪಕ್ಕದಲ್ಲಿ ಕೂತು ಹೊಲಿಗೆ ಕಲಿತಳು. ಟಾಕಿ ಅಕ್ಕಿಕಾಳಿಗಿಂತ ಉದ್ದ ಆಗಬಾರದು. ಸಾಲಿಗೂ ಸಾಲಿಗೂ ನಡುವೆ ಬೆರಳಗಲ ಜಾಗ ಇರಬೇಕು, ಅದೂ ಅವ್ವನ ಬೆರಳು, ತನ್ನದಲ್ಲ. ಕೌಸರ್ ಬೆರಳು ಸಣ್ಣ, ಹಾಗಾಗಿ ಅವಳ ಸಾಲುಗಳು ಮೊದಮೊದಲು ಒತ್ತೊತ್ತಾಗಿ ಬರುತ್ತಿದ್ದವು. ಮಾಸುಮಾಬಿ ಬಿಚ್ಚಿಸುವಳು, ಹೊಲಿಸುವಳು, ಮತ್ತೆ ಬಿಚ್ಚಿಸುವಳು. ಹುಡುಗಿ ಅಳುತ್ತ ಹೊಲಿದದ್ದನ್ನು ನಾನೇ ಕಂಡಿದ್ದೇನೆ. ಕಡೆಗೆ ಅವಳ ಕೈ ಅವ್ವನ ಕೈಯೇ ಆಯಿತು.

ಸಿರುಗುಪ್ಪದ ಮುಜಾಫರ್‌ನಿಗೆ ಕೊಟ್ಟು ಮದುವೆ ಮಾಡಿದರು. ರೈಸ್ ಮಿಲ್ಲಿನಲ್ಲಿ ಬಾಯ್ಲರ್ ನೋಡಿಕೊಳ್ಳುವ ಹುಡುಗ. ಮೆತ್ತನೆಯ ಮಾತಿನವನು. ಮದುವೆಯಾದ ಮೇಲೂ ಅವ್ವ ಮಗಳ ಕೌದಿ ನಿಲ್ಲಲಿಲ್ಲ. ಗಿರಾಕಿ ಕೊಟ್ಟ ಹಳೆ ಸೀರೆಗಳನ್ನು ಮಾಸುಮಾಬಿ ನಡುವೆ ಸೀಳಿ, ಒಂದು ಪಾಲು ತಾನಿಟ್ಟುಕೊಂಡು ಇನ್ನೊಂದು ಪಾಲನ್ನು ಸಿರುಗುಪ್ಪದ ಬಸ್ಸಿಗೆ ಹಾಕುತ್ತಿದ್ದಳು. ಬಣ್ಣ ಎರಡೂ ಕಡೆ ಒಂದೇ ಇರಲಿ ಎಂದು. ದಾರದ ಉಂಡೆ ಸಹ ಇಲ್ಲಿಂದಲೇ ಹೋಗುತ್ತಿತ್ತು. ಅವ್ವ ಇಲ್ಲಿ ಅರ್ಧ ಹೊಲಿದರೆ ಮಗಳು ಅಲ್ಲಿ ಅರ್ಧ ಹೊಲಿದು ಕಳಿಸುವಳು. ಕೌಸರ್‌ಳ ಅರ್ಧ ಬಂದ ದಿನ ಅಂಗಡಿಯೆಲ್ಲ ಮಿಲ್ಲಿನ ತೌಡಿನ ವಾಸನೆ. ಒಂದು ಸಲ ಒಗೆದರೆ ಅದೂ ಹೋಗಿಬಿಡುತ್ತಿತ್ತು.

ಅವಳ ಅರ್ಧದಲ್ಲಿ ಇನ್ನೊಂದು ಗುರುತು ಇರುತ್ತಿತ್ತು. ಒಂದು ಮೂಲೆಯಲ್ಲಿ ಕೆಂಪು ದಾರದ ಪುಟ್ಟ ಹೂವು. ಅವ್ವ ಬೇಡವೆಂದಷ್ಟೂ ಹುಡುಗಿ ಹಾಕುವಳು. ಕೂಡಿಸುವ ಮೊದಲು ಮಾಸುಮಾಬಿ ಮಾಡುತ್ತಿದ್ದ ಮೊದಲ ಕೆಲಸವೇ ಅದನ್ನು ಬಿಚ್ಚುವುದು. ಸೂಜಿಯ ಮೊನೆಯಿಂದ ದಾರ ಎತ್ತಿ, ಕತ್ತರಿಸಿ, ಎಳೆದು ಹಾಕುವಳು. ಆಮೇಲೆ ಆ ಜಾಗಕ್ಕೆ ನೀರು ಚಿಮುಕಿಸಿ ಉಗುರಿನಿಂದ ಉಜ್ಜುವಳು. ಸೂಜಿಯ ತೂತುಗಳು ಮುಚ್ಚಿಹೋಗುತ್ತಿದ್ದವು. ಹೂವು ಇತ್ತು ಅಂದರೆ ಯಾರೂ ನಂಬಬಾರದು, ಹಾಗೆ. ಮುಂದಿನ ಸಲ ಮಗಳು ಮತ್ತೆ ಹಾಕಿ ಕಳಿಸುವಳು. ಫೋನಿನಲ್ಲಿ ಇಬ್ಬರೂ ಜಗಳ ಆಡುವರು, ಆಮೇಲೆ ನಗುವರು. ನಾವು ಅದನ್ನು ಒಂದು ಆಟ ಅಂತಲೇ ತಿಳಿದಿದ್ದೆವು.

ಕೌಸರ್ ಚೊಚ್ಚಲ ಬಸುರಿಯಾಗಿ ಹೆರಿಗೆಗೆ ತವರಿಗೆ ಬಂದಳು. ಬರುವಾಗ ಬಗಲಲ್ಲಿ ಒಂದು ಅರ್ಧ ಕೌದಿ. ಇದು ಗಿರಾಕಿಯದಲ್ಲ, ತನ್ನದೇ. ಅವ್ವನ ಎರಡು ಸೀರೆ, ತನ್ನ ಮದುವೆಯ ಹೊತ್ತಿನ ಎರಡು ಸೀರೆ ಹಂಚಿಕೊಂಡು ಹೊಲಿದದ್ದು. ತಾನೂ ಕೂಸೂ ಹೊದೆಯಲಿಕ್ಕೆ. ಊದಿದ ಕಾಲು ಚಾಚಿಕೊಂಡು ನನ್ನ ಅಂಗಡಿಯ ಕಟ್ಟೆಯ ಮೇಲೆ ಕೂತಿದ್ದಳು. ಮಾಸುಮಾಬಿ ಆ ಅರ್ಧವನ್ನು ತೊಡೆಯ ಮೇಲೆ ಹಾಕಿಕೊಂಡು, ಮೂಲೆ ಹುಡುಕಿ, ಸೂಜಿ ತೆಗೆದಳು.

‘ಯವ್ವಾ, ಇದನ್ನ ಬಿಡಬೇ. ಇದು ಮಾರಾಕ ಅಲ್ಲ, ನನ್ನ ಕೂಸಿಗೆ.’

‘ಮನೀದಾದ್ರೇನು, ಮಂದೀದಾದ್ರೇನು. ಕೆಲಸ ಕೆಲಸಾನ.’

‘ಒಂದ ಹೂವಬೇ.’

‘ಒಂದ ಕಡಿ ಹೂವು, ಒಂದ ಕಡಿ ಬೋಳು. ನೋಡಿದೋರು ನಗತಾರ.’

ಬಿಚ್ಚಿದಳು. ಕೌಸರ್ ಮುಖ ಊದಿಸಿಕೊಂಡು ನನ್ನ ಕಡೆ ನೋಡಿ, ‘ನೋಡ್ರಿ ಗಂಗಕ್ಕ, ನನ್ನ ಅವ್ವ ಹೆಂಗ ಅದಾಳ’ ಎಂದಳು. ಬಿಚ್ಚಿದ ಕೆಂಪು ದಾರದ ಎಳೆಗಳನ್ನು ನಾನು ಉಳಿದ ಚಿಂದಿಯ ಜೊತೆ ಗುಡಿಸಿ ಹಾಕಿದೆ. ಎರಡು ಅರ್ಧಗಳೂ ಆ ವಾರ ಕೂಡಿದವು. ಮಾಸುಮಾಬಿ ಕಣ್ಣು ಮುಚ್ಚಿ ಅಂಗೈ ಆಡಿಸಿ, ‘ಈಗ ಹೇಳು, ಯಾವುದು ನಿಂದು, ಯಾವುದು ನಂದು’ ಎಂದು ಮಗಳಿಗೆ ಸವಾಲು ಹಾಕಿದಳು. ಕೌಸರ್ ತಪ್ಪು ತೋರಿಸಿದಳು. ಅವ್ವನಿಗೆ ಹೆಮ್ಮೆಯೋ ಹೆಮ್ಮೆ.

ಹೆಣ್ಣುಕೂಸು ಚೆನ್ನಾಗಿಯೇ ಹುಟ್ಟಿತು. ಆಮೇಲೆ ಕೌಸರ್‌ಗೆ ಜ್ವರ ಏರಿತು, ಇಳಿಯಲಿಲ್ಲ. ಆಸ್ಪತ್ರೆಯಲ್ಲಿ ಮಾಡುವುದನ್ನೆಲ್ಲ ಮಾಡಿದರು. ಕೂಸಿಗೆ ಹೆಸರಿಡುವ ಮೊದಲೇ ಅವಳನ್ನು ಮಣ್ಣು ಮಾಡಿದೆವು. ಅದರ ಬಗ್ಗೆ ನಾನು ಹೆಚ್ಚು ಹೇಳಲಾರೆ. ನಲವತ್ತನೆಯ ದಿನದ ಫಾತೆಹಾ ಪ್ರಾರ್ಥನೆ ಮುಗಿದ ಮೇಲೆ ಅವಳ ಸೀರೆ, ಚೂಡಿದಾರ, ಚಪ್ಪಲಿ ಎಲ್ಲವನ್ನೂ ಬಡವರಿಗೆ ಕೊಟ್ಟರು. ಅವಳು ಹೊಲಿದ ಕೌದಿಗಳೆಲ್ಲ ಯಾರುಯಾರದೋ ಮನೆ ಸೇರಿದ್ದವು. ಅವಳ ಕೈಯದು ಅಂತ ಉಳಿದದ್ದು ಆ ಒಂದು ಕೌದಿಯ ಅರ್ಧ ಮಾತ್ರ.

ಕೂಸಿಗೆ ಹೊನ್ನೂರಬಿ ಎಂದು ಹೆಸರಿಟ್ಟರು. ನಮಗೆಲ್ಲ ಹೊನ್ನಿ. ಅದನ್ನು ಸಾಕಿದವಳು ಮಾಸುಮಾಬಿ. ಆ ಕೌದಿಯಲ್ಲೇ ಸುತ್ತಿ, ಹಾಸಿ, ಹೊದೆಸಿ ಸಾಕಿದಳು. ಮಗು ಉಚ್ಚೆ ಹೊಯ್ದಾಗಲೆಲ್ಲ ಒಗೆದಳು. ಮೂಲೆಗಳನ್ನು ಹೊನ್ನಿ ಹಲ್ಲು ಬರುವಾಗ ಜಗಿದು ಜಗಿದು ಮೆತ್ತಗೆ ಮಾಡಿತು. ಮುಜಾಫರ್ ಬಿಡುವಾದಾಗಲೆಲ್ಲ ಬಂದು ಮಗಳನ್ನು ನೋಡಿಕೊಂಡು ಹೋಗುತ್ತಿದ್ದ. ಮೊನ್ನೆ ಅವನಿಗೆ ಎರಡನೆಯ ಮದುವೆಯಾಯಿತು. ಆ ಹೆಂಡತಿ ಹೇಗಿದ್ದಾಳೋ ಎಂದು ನಾನು ನಾಲ್ಕು ಕಡೆ ವಿಚಾರಿಸಿದೆ, ಯಾರೂ ಕೆಟ್ಟದ್ದು ಹೇಳಲಿಲ್ಲ. ಮಗಳನ್ನು ಕರೆದುಕೊಂಡು ಹೋಗಿ ಸಿರುಗುಪ್ಪದಲ್ಲೇ ಶಾಲೆಗೆ ಹಾಕುತ್ತೇನೆ ಎಂದ. ತಂದೆ, ಅವನು ಕೇಳುವುದರಲ್ಲಿ ತಪ್ಪೇನು. ಮಾಸುಮಾಬಿ ಹೂಂ ಅಂದಳು.

ಆ ಹೂಂ ಅಂದ ಮಾರನೆಯ ದಿನ ಕೌದಿ ಹೊತ್ತುಕೊಂಡು ನನ್ನ ಅಂಗಡಿಗೆ ಬಂದಳು. ಕಟ್ಟೆಯ ಮೇಲೆ ಕೂತು ನಡುವಿನ ಜೋಡಣೆ ಬಿಚ್ಚಲು ಶುರುಮಾಡಿದಳು. ನಾನು ಮಶಿನ್ ನಿಲ್ಲಿಸಿ ಎದ್ದೆ.

‘ಏನ್ ಮಾಡಾಕತ್ತೀಯಕ್ಕ?’

‘ಮುಜಾಫರ್ ನಾಳೆ ಬರತಾನ. ಹೊನ್ನಿ ನನ್ನ ಕೈಯಾಗ ಬೆಳದೈತಿ, ಅದಕ್ಕ ನನ್ನ ಕೈದು ಅರ್ಧ ಕೊಡತೀನಿ. ಕೌಸರ್ ಕೈದು ನನಗಿರಲಿ.’

ನನಗೆ ಸಿಟ್ಟು ಬಂತು. ತಾಯಿಯದು ಮಗುವಿಗೆ ಸೇರಬೇಕು, ನಿನಗೆ ಯಾಕೆ ಎಂದು ಬಾಯಿಗೆ ಬಂದದ್ದು ಅಂದೆ. ಅವಳು ತಲೆ ಎತ್ತಲಿಲ್ಲ.

‘ಮಗೀಗೆ ಆಕಿ ನೆಪ್ಪ ಇಲ್ಲ ಗಂಗಾ. ಅದಕ್ಕ ಬೇಕಾಗಿದ್ದು ಬೆಚ್ಚಗ ಇರೋದು. ನನಗೇನ ಐತಿ ಹೇಳು. ಫೋನಿನಾಗ ಪಟ ಐತಿ, ಪಟ ನೋಡಬೌದು, ಮುಟ್ಟಾಕ ಬರ್ತದೇನು? ಆಕಿ ಟಾಕಿ ಮ್ಯಾಲ ಕೈ ಇಟ್ಟು ಮಲಗಬೇಕು ನಾನು. ಅಷ್ಟ ಸಾಕು.’

ನಾನು ಮತ್ತೆ ಮಶಿನ್ ಮುಂದೆ ಹೋಗಿ ಕೂತೆ. ಸಾಲುಗಳು ಆಚೆಯಿಂದ ಈಚೆಗೆ ಹೆಣೆದುಕೊಂಡಿದ್ದರಿಂದ ಬಿಚ್ಚುವುದಕ್ಕೆ ಇಡೀ ದಿನ ಹಿಡಿಯಿತು. ತನ್ನ ಜಾಣತನವನ್ನು ತಾನೇ ಬಿಚ್ಚುವುದು ಅಂದರೆ ಸುಲಭವೇ. ಕಡೆಗೂ ಎರಡು ಅರ್ಧ ಬೇರೆಯಾಗಿ ಅವಳ ಎಡಕ್ಕೊಂದು ಬಲಕ್ಕೊಂದು ಬಿದ್ದುಕೊಂಡವು. ಬಿಚ್ಚಿದ ದಾರ ಸುತ್ತ ಹರಡಿತ್ತು. ಹೊತ್ತಾಗಿತ್ತು, ಎಲ್ಲ ಇಲ್ಲೇ ಇರಲಿ ಎಂದು ಎರಡು ಅರ್ಧಗಳನ್ನೂ ದಾರವನ್ನೂ ಬಾಚಿ ಅಂಗಡಿಯೊಳಗೆ ಹಾಕಿ ಷಟರ್ ಎಳೆದೆ.

ಬೆಳಿಗ್ಗೆ ನಾನು ಬರುವ ಮೊದಲೇ ಕಟ್ಟೆಯ ಮೇಲೆ ಕಾಯುತ್ತಿದ್ದಳು. ಹೊನ್ನಿಗೆ ಹೊಸ ಫ್ರಾಕು ತೊಡಿಸಿ, ಎರಡು ಜಡೆ ಹಾಕಿದ್ದಳು. ಒಳಗೆ ಬಂದವಳೇ ಒಂದು ಅರ್ಧವನ್ನು ಕೈಗೆತ್ತಿಕೊಂಡು ಹೆಬ್ಬೆರಳಿನಿಂದ ಟಾಕಿ ಸವರಿದಳು. ಅದನ್ನು ಇಟ್ಟು ಇನ್ನೊಂದನ್ನು ಸವರಿದಳು. ಮತ್ತೆ ಮೊದಲಿನದು. ನಾನು ದೇವರಿಗೆ ಊದುಬತ್ತಿ ಹಚ್ಚುತ್ತಿದ್ದವಳು ತಿರುಗಿ ನೋಡಿದರೆ, ಅವಳು ಎರಡನ್ನೂ ಮೂಗಿಗೆ ಹಿಡಿದು ಮೂಸುತ್ತಿದ್ದಾಳೆ.

‘ಗಂಗಾ, ಬಾ ಇಲ್ಲಿ. ಯಾವುದು ನಂದು?’

ಚಷ್ಮಾ ಹಾಕಿಕೊಂಡು ಎರಡನ್ನೂ ಬಾಗಿಲ ಬೆಳಕಿಗೆ ತಂದೆ. ಅದೇ ಸೀರೆಗಳು, ಅದೇ ದಾರ, ಅಕ್ಕಿಕಾಳಿನಷ್ಟು ಟಾಕಿ, ಅವಳದೇ ಬೆರಳಿನ ಅಗಲದ ಸಾಲು. ಎಣಿಸಿದರೂ ಅಷ್ಟೇ, ಅಳೆದರೂ ಅಷ್ಟೇ. ವಾಸನೆಯೂ ಒಂದೇ, ಸೋಪಿನದು.

‘ಹೂವಿನ ತೂತು ಇರಬೇಕು ನೋಡು. ಮೂಲಿಯಾಗ’ ಎಂದಳು.

ಮೂಲೆಮೂಲೆಯನ್ನೂ ಹಿಗ್ಗಿಸಿ ನೋಡಿದೆ. ಹೊನ್ನಿ ಜಗಿದದ್ದು, ಒಗೆದು ಒಗೆದು ನವೆದದ್ದು. ತೂತು ಅಂದರೆ ಎಲ್ಲ ಕಡೆಯೂ ತೂತೇ. ಅವತ್ತು ಉಗುರಿನಿಂದ ಉಜ್ಜಿ ಮುಚ್ಚಿದ್ದು ಮುಚ್ಚಿಯೇ ಹೋಗಿತ್ತು. ನನಗೆ ಗೊತ್ತಾಗುತ್ತಿಲ್ಲ ಅಕ್ಕ ಎಂದೆ. ಅವಳು ನನ್ನ ಕೈಯಿಂದ ಕಿತ್ತುಕೊಂಡು ಕೂತಳು.

ಅಷ್ಟರಲ್ಲಿ ಮುಜಾಫರ್ ಬಂದ. ಹೊನ್ನಿ ಓಡಿಹೋಗಿ ಅಪ್ಪನ ಕಾಲು ಹಿಡಿದುಕೊಂಡಿತು. ಅವನು ಮಗಳನ್ನು ಎತ್ತಿಕೊಂಡು ಅತ್ತೆಗೆ ಸಲಾಮು ಹೇಳಿ ಕಟ್ಟೆಯ ಅಂಚಿನಲ್ಲಿ ಕೂತ. ಮಾಸುಮಾಬಿ ಎರಡೂ ಅರ್ಧಗಳನ್ನು ಅವನ ಮುಂದೆ ತಳ್ಳಿದಳು. ದನಿಯಲ್ಲಿ ಏನೂ ತೋರಗೊಡಲಿಲ್ಲ.

‘ಆಕಿ ಇದನ್ನ ನಿನ್ನ ಮುಂದ ಕುಂತು ಹೊಲದಾಳಲ್ಲ. ಯಾವುದು ಆಕಿದು ಹೇಳು.’

ಮುಜಾಫರ್ ನಕ್ಕ. ಅದೇನು ಕಷ್ಟ ಅನ್ನುವ ಹಾಗೆ ಒಂದು ಅರ್ಧವನ್ನು ಎತ್ತಿ ಮೂಲೆಗಳನ್ನು ನೋಡಿದ. ಅದನ್ನು ಇಟ್ಟು ಇನ್ನೊಂದರ ಮೂಲೆ ನೋಡಿದ. ನಗು ಇಳಿಯಿತು.

‘ಕೆಂಪು ಹೂವು ಎಲ್ಲೈತ್ರಿ ಅತ್ತಿ?’

ಅವನು ಮತ್ತೆ ಹುಡುಕತೊಡಗಿದ. ‘ಆಕಿ ಹಾಕಿದ್ಲಲ್ರಿ. ನಾ ಮಿಲ್ಲಿನಿಂದ ಬಂದು ಉಣ್ಣಾಕ ಕುಂತಾಗ ತೋರಿಸಿದ್ಲು. ಪ್ರತಿ ಸಲ ಅವ್ವ ಬಿಚ್ಚತಾಳ, ಈ ಸಲ ಬಿಚ್ಚಂಗಿಲ್ಲ, ಇದು ಆಕಿ ಮೊಮ್ಮಗೀಗೆ ಅಲ್ಲೇನು, ಅಂದಿದ್ಲು.’

‘ನಾನ ಬಿಚ್ಚೀನಿ’ ಎಂದಳು ಮಾಸುಮಾಬಿ.

ಅವನು ಅತ್ತೆಯ ಮುಖ ನೋಡಿದ. ಕೌದಿಯ ಅರ್ಧವನ್ನು ಮೆಲ್ಲಗೆ ಮಡಿಸಿ ಕೆಳಗಿಟ್ಟ. ಅವನು ಒಂದು ಮಾತು ಅಂದಿದ್ದರೂ, ಬೈದಿದ್ದರೂ ಅವಳಿಗೆ ಹಗುರವಾಗುತ್ತಿತ್ತೇನೋ. ಅವನು ಮಗಳ ಜಡೆಯ ರಿಬ್ಬನ್ನು ಸರಿಮಾಡುತ್ತ ಕೂತ. ನನಗೆ ಇಬ್ಬರ ಮೇಲೂ ಸಿಟ್ಟು ಬಂತು, ಸತ್ತವಳ ಮೇಲೂ ಬಂತು. ಆ ಸಿಟ್ಟನ್ನು ಎಲ್ಲಿ ಇಡಬೇಕೋ ತಿಳಿಯದೆ ಹೊರಗೆ ಹೋಗಿ ಚಹಾ ತಂದೆ. ಯಾರೂ ಕುಡಿಯಲಿಲ್ಲ.

ಆಮೇಲೆ ಮಾಸುಮಾಬಿ ಕೈ ಚಾಚಿ, ‘ಕೆಂಪು ದಾರ ಕೊಡು’ ಎಂದಳು. ಕೊಟ್ಟೆ. ಸೂಜಿಗೆ ಪೋಣಿಸಿ ಒಂದು ಮೂಲೆಯನ್ನು ತೊಡೆಯ ಮೇಲೆ ಎಳೆದುಕೊಂಡಳು. ಸೂಜಿ ಚುಚ್ಚಿದವಳು ಅಲ್ಲೇ ಕೈ ತಡೆದಳು.

‘ಹೆಂಗಿತ್ತು ಗಂಗಾ ಅದು? ಎಸಳು ಎಷ್ಟಿದ್ವು?’

ನನಗೆ ನೆನಪಾಗಲಿಲ್ಲ. ಕೆಂಪಗೆ, ಸಣ್ಣಗೆ ಇತ್ತು ಎಂದೆ. ಮುಜಾಫರ್‌ನನ್ನು ನೋಡಿದಳು, ಅವನೂ ತಲೆಯಾಡಿಸಿದ. ಅಷ್ಟೊಂದು ಹೂವುಗಳನ್ನು ತನ್ನ ಕೈಯಾರೆ ಬಿಚ್ಚಿದವಳು, ಒಂದನ್ನೂ ಕಣ್ಣಿಟ್ಟು ನೋಡಿರಲಿಲ್ಲ. ಬಿಚ್ಚಲು ಎಳೆ ಎಲ್ಲಿದೆ ಅಂತ ನೋಡಿದ್ದಳು, ಅಷ್ಟೇ. ಆಗ ಅವಳು ಅತ್ತಳು. ಮಗಳು ಸತ್ತ ದಿನ ಎದೆ ಬಡಿದುಕೊಂಡು ಅತ್ತಿದ್ದಳು, ಅದು ಊರಿಗೆಲ್ಲ ಕೇಳಿತ್ತು. ಇದು ಪಕ್ಕದಲ್ಲಿ ಕೂತ ನನಗೂ ಕೇಳಲಿಲ್ಲ.

ಅತ್ತು ಮುಗಿದ ಮೇಲೆ ಸೆರಗಿನಿಂದ ಮುಖ ಒರೆಸಿಕೊಂಡು ಆ ಮೂಲೆಯನ್ನು ಬಿಟ್ಟಳು. ಎರಡೂ ಅರ್ಧಗಳ ಬಾಯಿಬಿಟ್ಟ ಅಂಚುಗಳನ್ನು ಎದುರುಬದುರು ಇಟ್ಟು, ಅದೇ ಕೆಂಪು ದಾರದಿಂದ ಕೂಡಿಸಲು ಶುರುಮಾಡಿದಳು. ಒಳಗೊಳಗೇ ಅಲ್ಲ, ಮೇಲೆಯೇ. ದೂರದಿಂದ ಕಾಣುವ ಉದ್ದುದ್ದ ಟಾಕಿ. ಕುರುಗೋಡಿನಿಂದ ಹಿಡಿದು ಇವತ್ತಿನವರೆಗೆ ಅವಳ ಕೈಯಿಂದ ಅಂಥ ಒರಟು ಹೊಲಿಗೆ ಬಂದಿರಲಿಲ್ಲ. ಒಂದು ಬಸ್ಸು ಹೋಗಲಿ ಬಿಡ್ರಿ ಎಂದು ಮುಜಾಫರ್ ಕಾದ. ಹೊನ್ನಿ ಬಂದು ಅಜ್ಜಿಯ ಮಂಡಿಗೆ ಒರಗಿ ನಿಂತಿತು.

‘ನಾನಿ, ಇದು ಯಾಕ ಕೆಂಪು?’

‘ಚಂದ ಕಾಣ್ಲಿ ಅಂತ.’

‘ಇದನ್ನ ನೀನು ಹೊಲಿದಿದ್ದಾ?’

ಮಾಸುಮಾಬಿ ದಾರ ಕಡಿದು ಗಂಟು ಹಾಕಿದಳು. ‘ಇಲ್ಲವ್ವ. ಈ ಕಡಿ, ಆ ಕಡಿ, ಎಲ್ಲಾ ನಿಮ್ಮವ್ವ ಹೊಲಿದಿದ್ದು. ನಾ ಬರೇ ಕೂಡಿಸೀನಿ. ಯಾರರ ಕೇಳಿದ್ರ ಹಂಗ ಹೇಳಬೇಕು, ಹಾಂ?’

ಹೊನ್ನಿ ಹಾಂ ಎಂದಿತು. ಕೌದಿಯನ್ನು ಮಡಿಸಿ ಹಗ್ಗ ಕಟ್ಟಿ ಮುಜಾಫರ್‌ನ ಕೈಗೆ ಕೊಟ್ಟಳು, ಇಡೀ ಕೌದಿಯನ್ನು. ಅವನು ‘ಅತ್ತಿ, ನಿಮಗ?’ ಎಂದ. ನನಗೆ ಏನು, ನಾಳೆ ಇನ್ನೊಂದು ಹೊಲಿದುಕೊಳ್ಳುತ್ತೇನೆ ಎಂದಳು.

ನಾವಿಬ್ಬರೂ ಬಸ್ ಸ್ಟ್ಯಾಂಡಿನವರೆಗೆ ಹೋಗಿ ಕಳಿಸಿ ಬಂದೆವು. ಕಿಟಕಿಯ ಹತ್ತಿರ ಕೂತ ಹೊನ್ನಿ ಕೈ ಬೀಸಿತು, ಅಷ್ಟರಲ್ಲಿ ಬೇರೇನೋ ಕಂಡು ಆ ಕಡೆ ತಿರುಗಿತು. ಅಂಗಡಿಗೆ ಬಂದು ನೋಡಿದರೆ ನಿನ್ನೆ ಬಿಚ್ಚಿದ ದಾರದ ತುಂಡುಗಳು ಇನ್ನೂ ಹಾಗೇ ಬಿದ್ದಿದ್ದವು. ಗಿರಾಕಿ ಬರುವ ಹೊತ್ತು ಎಂದು ಪೊರಕೆ ತೆಗೆದುಕೊಂಡೆ.

‘ತಡಿ’ ಎಂದಳು.

ನೆಲದ ಮೇಲೆ ಕೂತು ದಾರವನ್ನೆಲ್ಲ ಗುಡ್ಡೆ ಮಾಡಿಕೊಂಡಳು. ಒಂದೊಂದೇ ಎಳೆಯನ್ನು ಎತ್ತಿ ಬೆಳಕಿಗೆ ಹಿಡಿದು ನೋಡಿ ಪಕ್ಕಕ್ಕೆ ಇಡತೊಡಗಿದಳು. ಏನು ಹುಡುಕುತ್ತಿದ್ದಾಳೆಂದು ಕೇಳಬೇಕಾಗಿರಲಿಲ್ಲ. ಆ ಹೂವಿನ ಕೆಂಪು ಎಳೆ ಎಂದೋ ನನ್ನ ಪೊರಕೆಗೆ ಸಿಕ್ಕಿ ಹೋಗಿತ್ತು, ಅದು ಅವಳಿಗೂ ಗೊತ್ತು. ಹುಚ್ಚು ಹಿಡಿದಿದೆಯಾ ನಿನಗೆ ಎಂದು ಬೈಯಲು ಬಾಯಿ ತೆರೆದವಳು, ಬೈಯಲಾರದೆ ಪೊರಕೆ ಕೆಳಗಿಟ್ಟು ಅವಳ ಎದುರು ಕೂತೆ. ನಾನೂ ಒಂದು ಎಳೆ ಎತ್ತಿ ನೋಡಿದೆ. ಬಿಳಿಯದು. ಎಲ್ಲವೂ ಬಿಳಿಯವೇ ಇದ್ದವು.